ಚಿತ್ರ ನೂರ ಮೂವತ್ತೊಂದು

"ಚಿತ್ರ ಒಂದು," ಎಂದಿತು ಲ್ಯಾಪ್‌ಟಾಪ್. "ಚಿತ್ರ ಎರಡು. ಚಿತ್ರ ಮೂರು. ಚಿತ್ರ ನಾಲ್ಕು."

ತೈಸ್ತೊ ಮತ್ತೆ ಮತ್ತೆ ಅದೇ ಕೀಲಿ ಒತ್ತುತ್ತಿದ್ದ. ಇಯರ್‌ಫೋನನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದರಿಂದ ಪರದೆಯಲ್ಲಿದ್ದದ್ದನ್ನು ಕಣ್ಣು ಕಾಣದ ಅವನಿಗೆ ಓದಿ ಹೇಳುವ ಯಂತ್ರದ ಹೆಂಗಸಿನ ದನಿ ಕಾಲೇಜು ಗ್ರಂಥಾಲಯದ ಹಿಂಬದಿಯ ಸಣ್ಣ ಕೋಣೆಯನ್ನೆಲ್ಲ ತುಂಬಿತ್ತು. ಹೆಂಗಸಿಗೆ ಬೇಸರವೆಂಬುದೇ ಇರಲಿಲ್ಲ. ಹದಿನೇಳರ ತನಕ ಎಣಿಸಿದಳು.

"ಸಿರ್ಪಾ, ಇದೀಯಾ ಅಲ್ಲಿ?"

"ಇದೀನಿ."

"ಈ ಮಷೀನ್ ಕೆಟ್ಟಿದೆ ಅನ್ಸತ್ತೆ. ಪಾಠ ಓದು ಅಂದ್ರೆ ಎಣಿಕೆ ಹೇಳ್ತಾ ಕೂತಿದೆ. ಕುರಿ ಲೆಕ್ಕ ಹಾಕೋರ ಥರ."

ಸಿರ್ಪಾ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದಳು. ಬೆರಳಿಗೆ ಹತ್ತಿದ ಅಂಟನ್ನು ಉಜ್ಜಿಕೊಳ್ಳುತ್ತ ಎದ್ದು ಬಂದು ಅವನ ಹೆಗಲ ಮೇಲಿಂದ ಪರದೆಯನ್ನು ನೋಡಿದಳು. ಅಲ್ಲಿ ಮುಂಗೈಯ ಚಿತ್ರವಿತ್ತು. ಪೆನ್ಸಿಲಿನಲ್ಲಿ ಬರೆದು ಕೆಂಪು ತುಂಬಿದ್ದು. ಒಂದೊಂದು ಸ್ನಾಯುವಿಗೂ ಸಣ್ಣ ಬಾಣ, ಬಾಣದ ತುದಿಯಲ್ಲಿ ಕೈಬರಹದ ಹೆಸರು. ಯಂತ್ರ ಕೆಟ್ಟಿರಲಿಲ್ಲ. ಅದು ಅವಳು ಬರೆದಿಟ್ಟದ್ದನ್ನೇ ಓದುತ್ತಿತ್ತು.

"ಮಷೀನಿಂದೇ ಇರ್ಬೇಕು," ಎಂದಳು.

"ಅದೇ ನಾನೂ ಅನ್ಕೊಂಡೆ," ಎಂದ ತೈಸ್ತೊ. ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ತನ್ನ ದೊಡ್ಡ ಕೈಗಳನ್ನು ಇಟ್ಟುಕೊಂಡ.

ಆ ವರ್ಷದ ವಸಂತದಲ್ಲಿ ರಾಜಧಾನಿ ಹೆಲ್ಸಿಂಕಿಯಿಂದ ಸುತ್ತೋಲೆ ಬಂದಿತ್ತು. ಕಾಲೇಜು ಅಂತರ್ಜಾಲದಲ್ಲಿ ಇಟ್ಟಿರುವ ಪಾಠಗಳನ್ನೆಲ್ಲ ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು ಕೂಡ ಬಳಸುವಂತಿರಬೇಕು. ಸೆಪ್ಟೆಂಬರ್ ಕೊನೆಯೊಳಗೆ ಹಾಗಿದೆಯೆಂದು ಕಾಲೇಜು ಬರೆದು ಪ್ರಕಟಿಸಬೇಕು. ಕೆಲಸ ಸಿರ್ಪಾಳ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿದ್ದವಳು, ಹೇಳಿದ್ದಕ್ಕೆ ಇಲ್ಲ ಅನ್ನದವಳು. ನಾನೂರಕ್ಕೂ ಮಿಕ್ಕಿದ ಕಡತಗಳು. ಬೇಸಿಗೆಯ ರಜೆಯನ್ನೂ ಬಿಟ್ಟು ಕೂತಳು. ವೀಡಿಯೋಗಳಲ್ಲಿನ ಮಾತಿಗೆ ಅಕ್ಷರ ಕೊಟ್ಟಳು, ತಲೆಬರಹಗಳನ್ನು ಸರಿಮಾಡಿದಳು, ವೆಲ್ಡಿಂಗ್ ಪಾಠದ ಕೋಷ್ಟಕಗಳನ್ನು ಬಿಚ್ಚಿ ಮತ್ತೆ ಕಟ್ಟಿದಳು. ಕೊನೆಗೆ ಉಳಿದದ್ದು ಅಂಗಮರ್ದನ, ಅಂದರೆ ಮಸಾಜ್, ಕಲಿಸುವ ತರಗತಿಯ ಶರೀರಶಾಸ್ತ್ರದ ಪಾಠ. ಪೆಂಟ್ಟಿ ಎಂಬ ಹಳೆಯ ಮೇಷ್ಟರು ಕೈಯಲ್ಲೇ ಬರೆದಿದ್ದ ಇನ್ನೂರ ಹದಿನಾಲ್ಕು ಚಿತ್ರಗಳು. ಬಾಣಗಳ ತುದಿಯ ಹೆಸರು ಬಿಟ್ಟರೆ ಅವುಗಳ ಜೊತೆಗೆ ಒಂದು ಸಾಲಿನ ಬರಹವೂ ಇರಲಿಲ್ಲ. ಹೇಳುವುದನ್ನೆಲ್ಲ ಪೆಂಟ್ಟಿ ಬಾಯಲ್ಲೇ ಹೇಳುತ್ತಿದ್ದರು, ಆಮೇಲೆ ನಿವೃತ್ತರಾಗಿ ಸ್ಪೇನಿಗೆ ಹೋಗಿ ನೆಲೆಸಿದರು. ಅವರ ಜಾಗಕ್ಕೆ ಬಂದವನು ಮೂರು ಊರುಗಳಿಗೆ ಒಟ್ಟಿಗೆ ಪರದೆಯ ಮೇಲೆ ಪಾಠ ಮಾಡುತ್ತಿದ್ದ: "ಇದನ್ನ ನೋಡಿ, ಇದರ ಕೆಳಗೆ ಇದು."

ಗಡುವಿಗೆ ಎರಡು ದಿನ ಉಳಿದಿದ್ದಾಗ ಉಪಪ್ರಾಂಶುಪಾಲೆ ಹನ್ನೆಲೆ ಬಾಗಿಲಲ್ಲಿ ನಿಂತು, "ತಪಾಸಣೆ ಸಾಫ್ಟ್‌ವೇರ್ ಇನ್ನೂ ಕೆಂಪು ತೋರಿಸ್ತಾ ಇದೆ ಸಿರ್ಪಾ. ಒಂದೇ ಒಂದು ಕಡತ," ಎಂದಿದ್ದಳು. ಬೈಗುಳವೇನಲ್ಲ. ಕೈಯಲ್ಲಿ ಕಾಫಿ ಲೋಟವಿತ್ತು, ಅವಳೂ ದಣಿದಿದ್ದಳು. ಅವಳು ಹೋದ ಮೇಲೆ ಸಿರ್ಪಾ ಇನ್ನೂರ ಹದಿನಾಲ್ಕನ್ನೂ ಒಟ್ಟಿಗೆ ಆರಿಸಿ, ಕಣ್ಣು ಕಾಣದವರಿಗಾಗಿ ಬರೆಯಬೇಕಾದ ವಿವರಣೆಯ ಜಾಗದಲ್ಲಿ 'ಚಿತ್ರ' ಎಂದು ತುಂಬಿ, ಮುಂದೆ ಅಂಕಿ ಬೀಳುವಂತೆ ಮಾಡಿದಳು. ಸಾಫ್ಟ್‌ವೇರಿಗೆ ಬೇಕಾದದ್ದು ಆ ಜಾಗ ಖಾಲಿ ಇರಬಾರದೆಂಬುದಷ್ಟೆ. ಕೆಂಪು ಹೋಗಿ ಹಸಿರು ಬಂತು. ಚಳಿಗಾಲದಲ್ಲಿ ಪುರುಸೊತ್ತಾಗಿ ಸರಿಯಾಗಿ ಬರೆದರಾಯಿತೆಂದುಕೊಂಡಳು. ಕಾಲೇಜಿನ ಜಾಲತಾಣದ ಅಡಿಯಲ್ಲಿ ಹೇಳಿಕೆ ಪ್ರಕಟವಾಯಿತು: ನಮ್ಮ ಎಲ್ಲ ಪಾಠಗಳೂ ಎಲ್ಲರಿಗೂ ಎಟುಕುತ್ತವೆ. ಅದರ ಕೆಳಗೆ ಅವಳ ಹೆಸರು.

ತೈಸ್ತೊಗೆ ನಲವತ್ತಾರು. ಪೊಸಿಯೋ ಕಡೆಯ ಕಾಡುಗಳಲ್ಲಿ ಇಪ್ಪತ್ತು ವರ್ಷ ಮರ ಕಡಿಯುವ ದೊಡ್ಡ ಯಂತ್ರ ಓಡಿಸಿದವನು. ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ಎರಡೇ ವರ್ಷದಲ್ಲಿ ತಿಂದುಹಾಕಿತ್ತು. ಒಂದು ವರ್ಷ ಅಕ್ಕನ ಮನೆಯ ಬೆಂಚಿನ ಮೇಲೆ ಮಲಗಿ ಕಳೆದ. ಆಮೇಲೆ ಯಾರೋ ಅಂದರು, ಈ ದೇಶದಲ್ಲಿ ಕಣ್ಣು ಕಾಣದವರು ಅಜ್ಜನ ಕಾಲದಿಂದಲೂ ಅಂಗಮರ್ದನ ಮಾಡಿ ಬದುಕಿದ್ದಾರೆ, ನಿನಗೆ ಕೈ ಇದೆಯಲ್ಲ ಎಂದು. ವಿಮೆಯವರು ಆ ವರ್ಷದ ಕೊನೆತನಕ ಓದಿನ ಖರ್ಚು ಕೊಡಲು ಒಪ್ಪಿದ್ದರು. ಅಷ್ಟರೊಳಗೆ ಶರೀರಶಾಸ್ತ್ರದ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂರಬಹುದು. ಆಗಲಿಲ್ಲವೆಂದರೆ ಅಂಗವಿಕಲರ ಪಿಂಚಣಿ, ಮತ್ತೆ ಬೆಂಚು.

ಅವನ ಕೈಯ ಬಗ್ಗೆ ಎರಡು ಮಾತಿರಲಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ಹುಡುಗಿಯರು ನಾ ಮುಂದು ತಾ ಮುಂದು ಎಂದು ಅವನ ಮೇಜಿಗೆ ಬಂದು ಮಲಗುತ್ತಿದ್ದರು. ಬೆನ್ನಿಗೆ ಕೈ ಇಟ್ಟ ಕೂಡಲೇ, "ನೀನು ಯಾವಾಗ್ಲೂ ಎಡಗಡೆಗೇ ಬ್ಯಾಗ್ ಹಾಕ್ಕೊಳ್ತೀಯ," ಎನ್ನುತ್ತಿದ್ದ. ಆದರೆ ಆ ಗಂಟಿನ ಹೆಸರೇನು, ಅದರ ಕೆಳಗಿನ ಪದರ ಯಾವುದು ಎಂದರೆ ತಿಳಿಯುತ್ತಿರಲಿಲ್ಲ.

ನವೆಂಬರ್ ಮೊದಲ ವಾರ ಅವನು ಪರೀಕ್ಷೆಯಲ್ಲಿ ಬಿದ್ದ. ಐವತ್ತಕ್ಕೆ ಹದಿನಾಲ್ಕು.

ಮಧ್ಯಾಹ್ನ ಎಂದಿನಂತೆ ಗ್ರಂಥಾಲಯಕ್ಕೆ ಬಂದು ಕೋಲು ಮಡಚಿ ಮೇಜಿನ ಮೇಲಿಟ್ಟ. ಚೀಲದಿಂದ ಕಾಗದದ ಪೊಟ್ಟಣ ತೆಗೆದ. "ಅಕ್ಕ ಕಳ್ಸಿದ್ದು. ಹೊಗೆ ಹಾಕಿದ ಮೀನು. ಮುಳ್ಳು ನೋಡ್ಕೊಂಡು ತಿನ್ನು."

"ನಂಗ್ಯಾಕೆ?"

"ದಿನಾ ಕೋಣೆ ತೆಗೆದು ಕೊಡ್ತೀಯಲ್ಲ, ಅದಕ್ಕೆ." ಸ್ವಲ್ಪ ನಕ್ಕ. "ಹದಿನಾಲ್ಕು ಸಿರ್ಪಾ. ಮರ ಕಡಿದೂ ಕಡಿದೂ ತಲೇನೂ ಮರದ್ದೇ ಆಗೋಗಿದೆ."

ಸಿರ್ಪಾ ಪೊಟ್ಟಣ ಹಿಡಿದುಕೊಂಡು ನಿಂತಳು. ಎಣ್ಣೆ ಕಾಗದದಿಂದ ಬೆರಳಿಗೆ ಇಳಿಯುತ್ತಿತ್ತು. ಆಗಲೇ ಹೇಳಿಬಿಡಬಹುದಿತ್ತು. "ಇನ್ನೊಂದ್ ಸಲ ಇದೆಯಲ್ಲ," ಎಂದಳು.

ಅಂದು ಮನೆಗೆ ಹೋಗಿ ಮೊದಲ ಚಿತ್ರವನ್ನು ತೆರೆದಳು. ಪೆಂಟ್ಟಿಯ ಕೈಬರಹ ಓದಲು ಭೂತಗನ್ನಡಿ ಬೇಕಾಯಿತು. ಎರಡು ಗಂಟೆ ಕೂತು ನಾಲ್ಕು ಚಿತ್ರಗಳಿಗೆ ವಿವರಣೆ ಬರೆದಳು. ಮಾರನೆಯ ದಿನ ಅವನೆದುರು ಕೂತು, "ಪೆಂಟ್ಟಿ ಚಿತ್ರಗಳನ್ನ ಮಾತಲ್ಲಿ ಬರೀತಾ ಇದೀನಿ. ಕೇಳಿ ಹೇಳು, ಉಪಯೋಗಕ್ಕೆ ಬರತ್ತಾ ಅಂತ," ಎಂದಳು. ಯಾಕೆ ಈಗ ಎಂದು ಅವನು ಕೇಳಲಿಲ್ಲ.

"'ಮುಂಗೈಯ ಚಿತ್ರ,'" ಎಂದು ಓದಿದಳು. "'ಸ್ನಾಯುಗಳನ್ನು ಕೆಂಪು ಬಣ್ಣದಲ್ಲಿ ತೋರಿಸಲಾಗಿದೆ. ಎಡಭಾಗದಲ್ಲಿ ಉದ್ದನೆಯ ಸ್ನಾಯುವೊಂದು ಕಾಣುತ್ತದೆ.'"

ತೈಸ್ತೊ ಕಾದ. "ಅಷ್ಟೇನಾ?"

"ಅಷ್ಟೇ."

"ಕೆಂಪು ನಂಗೊತ್ತು ಮಾರಾಯ್ತಿ, ನಲವತ್ತು ವರ್ಷ ನೋಡಿದೀನಿ. ಕೆಂಪು ತಗೊಂಡು ಈಗೇನ್ ಮಾಡ್ಲಿ? ಆ ಎಡಗಡೆಯೋನು ಎಲ್ಲಿಂದ ಹೊರಟ, ಎಲ್ಲಿ ಹೋಗಿ ಸೇರ್ದ? ಮುಟ್ಟಿದ್ರೆ ಸಿಗ್ತಾನಾ, ಇಲ್ಲಾ ಇನ್ನೊಬ್ನ ಕೆಳಗೆ ಬಚ್ಚಿಟ್ಕೊಂಡಿದಾನಾ?"

"ಗೊತ್ತಿಲ್ಲ."

"ಹಂಗಾದ್ರೆ ಕೈ ಕೊಡು."

ಅವಳು ಅಂಗಿಯ ತೋಳು ಮಡಚಿ ಕೈ ಚಾಚಿದಳು. ಅವನು ಹೆಬ್ಬೆರಳು ಮೇಲಾಗುವಂತೆ ಅದನ್ನು ಮೇಜಿನ ಅಂಚಿನ ಕೆಳಗಿಟ್ಟು, ಮುಷ್ಟಿ ಹಿಡಿದು ಮೇಜನ್ನು ಎತ್ತಲು ನೋಡು ಎಂದ. ಮೊಣಕೈಯ ಹೊರಬದಿಯಲ್ಲಿ ಏನೋ ಗಟ್ಟಿಯಾಗಿ ಉಬ್ಬಿ ನಿಂತಿತು. ಐವತ್ತೆಂಟು ವರ್ಷದಿಂದ ತನ್ನ ಕೈಯಲ್ಲೇ ಇದ್ದದ್ದನ್ನು ಸಿರ್ಪಾ ಅವತ್ತು ಮೊದಲ ಸಲ ನೋಡಿದಳು.

"ಇವ್ನೇನಾ?"

ಚಿತ್ರ ನೋಡಿದಳು. "ಇವ್ನೇ."

"ಹೆಸ್ರು?"

ಹೆಸರು ಹೇಳಿದಳು. ಅವನು ಮೂರು ಸಲ ತುಟಿಯಲ್ಲೇ ಅಂದುಕೊಂಡ. ಆಮೇಲೆ ಮರೆಯಲಿಲ್ಲ.

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ ಎರಡೂವರೆಗೆ, ಹೊರಗೆ ಬೆಳಕು ಆಗಲೇ ಬೂದಿಯ ಬಣ್ಣಕ್ಕೆ ತಿರುಗುವ ಹೊತ್ತಿಗೆ, ಆ ಸಣ್ಣ ಕೋಣೆಯಲ್ಲಿ. ಅವಳು ಚಿತ್ರ ನೋಡಿ ಹೇಳುವುದು, ಅವನು ತನ್ನ ಮೈಯಲ್ಲೋ ಅವಳ ಕೈಯಲ್ಲೋ ಹುಡುಕುವುದು, ಸಿಕ್ಕ ಮೇಲೆ ಇಬ್ಬರೂ ಸೇರಿ ಅದಕ್ಕೆ ಮಾತು ಕಟ್ಟುವುದು. ಒಂದು ಚಿತ್ರಕ್ಕೆ ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ. ಭುಜದ ಚಿತ್ರಗಳಂತೂ ನಾಲ್ಕು ದಿನ ತಿಂದವು. ಅವಳ ಹಳೆಯ ಬರವಣಿಗೆಯನ್ನು ಅವನು ಆಡಿಕೊಳ್ಳುತ್ತಿದ್ದ: "'ಚಿತ್ರದಲ್ಲಿ ಒಬ್ಬ ಮನುಷ್ಯ ನಿಂತಿರುವುದು ಕಂಡುಬರುತ್ತದೆ.' ಪೋಲೀಸ್ ಕಂಪ್ಲೇಂಟ್ ಬರೀತಿದೀಯಾ?" ಅವಳಿಗೂ ನಗು ಬರುತ್ತಿತ್ತು. ಅವಳು ತರುವ ಏಲಕ್ಕಿ ಬನ್ನನ್ನು ಅವನು ಮೂಸಿ ನೋಡಿ ಅವಳ ಕಡೆಗೇ ತಳ್ಳುತ್ತಿದ್ದ. ಸಕ್ಕರೆ ಅವನಿಗೆ ಆಗುತ್ತಿರಲಿಲ್ಲ. ವಾಸನೆಗೇನೂ ಅಡ್ಡಿಯಿಲ್ಲ ಎನ್ನುತ್ತಿದ್ದ.

ನಗುವಿನ ನಡುವೆಯೂ ಹೇಳಬೇಕಾದ ಒಂದು ಮಾತನ್ನು ಅವಳು ನಾಳೆಗೆ ಮುಂದೂಡುತ್ತಲೇ ಇದ್ದಳು. ಲೆಕ್ಕವೂ ಅವಳಿಗೆ ಗೊತ್ತಿತ್ತು. ದಿನಕ್ಕೆ ನಾಲ್ಕೋ ಐದೋ ಚಿತ್ರ. ಡಿಸೆಂಬರ್ ಹದಿನೈದಕ್ಕೆ ಪರೀಕ್ಷೆ. ಹೇಗೆ ಕೂಡಿಸಿದರೂ ಇನ್ನೂರ ಹದಿನಾಲ್ಕು ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಶುರುಮಾಡಿದ್ದರೆ ಮುಟ್ಟುತ್ತಿತ್ತು.

ಡಿಸೆಂಬರಿನ ಮೊದಲ ದಿನಗಳಲ್ಲೊಮ್ಮೆ, ಸೊಂಟದ ಚಿತ್ರಗಳ ನಡುವೆ, ಅವಳು ಓದುವುದನ್ನು ನಿಲ್ಲಿಸಿದಳು.

"ತೈಸ್ತೊ. ಅಕ್ಟೋಬರ್‌ನಲ್ಲಿ ನೀನು ಮಷೀನ್ ಕೆಟ್ಟಿದೆ ಅಂದೆ. ನಾನೂ ಹೌದು ಅಂದೆ."

"ಅಂದಿದ್ದೆ."

"ಅದು ಕೆಟ್ಟಿರ್ಲಿಲ್ಲ."

"ಗೊತ್ತು," ಎಂದ ಅವನು.

ಹೊರಗಿನ ಅಂಗಳದಲ್ಲಿ ಯಾರೋ ಸಲಿಕೆಯಿಂದ ಹಿಮ ಬಳಿಯುತ್ತಿದ್ದರು. ಸಲಿಕೆ ಕಲ್ಲಿಗೆ ತಾಗುವ ಸದ್ದು ಕೋಣೆಯೊಳಗೂ ಬರುತ್ತಿತ್ತು.

"ಮುಂದಿನ ಶನಿವಾರಾನೇ ರೊವಾನಿಯೆಮಿ ಪೇಟೆಗೆ ತಗೊಂಡ್ ಹೋಗಿದ್ದೆ. ಹೋಗ್ತಾ ಮೂರು ಗಂಟೆ, ಬರ್ತಾ ಮೂರು ಗಂಟೆ. ಅಂಗಡೀಲಿ ಒಬ್ಳು ಬಿಚ್ಚಿ ಗಿಚ್ಚಿ ಎಲ್ಲಾ ನೋಡಿ ಅಂದ್ಲು, ಮಷೀನ್ ಚೆನ್ನಾಗೇ ಇದೆ, ಚಿತ್ರದ ಹಿಂದೆ ಯಾರೋ 'ಚಿತ್ರ' ಅಂತ ಬರೆದಿಟ್ಟಿದಾರೆ, ಅದನ್ನೇ ಓದ್ತಾ ಇದೆ ಅಂತ. ಯಾರೋ ಶ್ಯಾಣೇರು ಅಂತ ನಕ್ಕಳು. ಜಾಲತಾಣದ ಕೆಳಗೆ ಯಾರ ಹೆಸ್ರಿದೆ ಅಂತ್ಲೂ ಅವಳೇ ಓದಿ ಹೇಳಿದ್ದು."

ಸಿರ್ಪಾಳ ಕೈ ಮೇಜಿನ ಮೇಲೆ ಅವನ ಕೈಯ ಪಕ್ಕದಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಗೊತ್ತಿದ್ದೂ ಯಾಕೆ ಏನೂ ಅನ್ಲಿಲ್ಲ? ಆಮೇಲೆ ಮೀನು ಬೇರೆ ತಂದ್ಕೊಟ್ಟೆ."

"ಮೀನು ಅಕ್ಕ ಕಳ್ಸಿದ್ದು," ಎಂದ. ಆಮೇಲೆ ನಿಧಾನವಾಗಿ, "ಸಿಟ್ಟು ಮಾಡ್ಕೊಳ್ಳೋದೇನ್ ದೊಡ್ಡದಲ್ಲ ಸಿರ್ಪಾ. ಮಾಡ್ಕೊಂಡ್ ಮೇಲೆ ಎದ್ದು ಬಾಗ್ಲು ಬಡ್ಕೊಂಡು ಹೋಗ್ಬೇಕಲ್ಲ. ಬಾಗ್ಲು ಎಲ್ಲಿದೆ ಅಂತ ನಾನು ಮತ್ತೆ ನಿನ್ನನ್ನೇ ಕೇಳ್ಬೇಕು."

ತಪ್ಪಾಯಿತು ಎನ್ನುವುದು ಎಲ್ಲಿಗೂ ಸಾಲದೆಂದು ಗೊತ್ತಿದ್ದರೂ ಅದನ್ನೇ ಅಂದಳು.

"ಆಯ್ತು," ಎಂದ ಅವನು. ಕ್ಷಮಿಸಿದ ದನಿಯೂ ಅಲ್ಲ, ಕ್ಷಮಿಸದ ದನಿಯೂ ಅಲ್ಲ. "ಮುಂದಿಂದು ಓದು. ಸೊಂಟದ ಮೂಳೆ ಹಿಂಭಾಗ ಅಂತಿದ್ದೆ."

ಹದಿನಾಲ್ಕನೆಯ ತಾರೀಕಿನ ಸಂಜೆಗೆ ಅವರು ನೂರ ಮೂವತ್ತೊಂದರಲ್ಲಿ ನಿಂತರು. ಅದು ತೊಡೆಯ ಮುಂಭಾಗ. ಮೊಣಕಾಲಿನಿಂದ ಕೆಳಗೆ, ಮೀನಖಂಡ, ಹಿಮ್ಮಡಿ, ಪಾದ, ಎಲ್ಲವೂ ಉಳಿದಿತ್ತು. "ಕಾಲಿಂದು ಜಾಸ್ತಿ ಕೇಳಲ್ಲ ಬಿಡು," ಎಂದ ತೈಸ್ತೊ ಕೋಲು ಬಿಚ್ಚುತ್ತ. ಅವಳೂ ಹೂಂ ಎಂದಳು.

ಐವತ್ತರಲ್ಲಿ ಹದಿನೆಂಟು ಪ್ರಶ್ನೆ ಕಾಲಿನದೇ ಬಂದಿದ್ದವು. ಪಾಸಾಗಲು ಮೂವತ್ತು ಬೇಕು. ತೈಸ್ತೊಗೆ ಇಪ್ಪತ್ತೇಳು ಬಂತು. ಕೈ, ಭುಜ, ಬೆನ್ನಿನ ಪ್ರಶ್ನೆಗಳಲ್ಲಿ ಒಂದೂ ತಪ್ಪಿರಲಿಲ್ಲ.

ಫಲಿತಾಂಶ ಕೇಳಿದ ದಿನ ಅವನು ಗ್ರಂಥಾಲಯಕ್ಕೆ ಬರಲಿಲ್ಲ. ಸಿರ್ಪಾ ಕಿಟಕಿಯಿಂದ ನೋಡಿದಾಗ ಬಸ್ ನಿಲ್ದಾಣದಲ್ಲಿ ಸೂಟ್‌ಕೇಸ್ ಪಕ್ಕ ನಿಂತಿದ್ದ. ತಲೆಯ ಮೇಲೆ ಹಿಮ ಬಿದ್ದಿತ್ತು, ಕೊಡವಿಕೊಂಡಿರಲಿಲ್ಲ. ಅವಳು ಕೋಟು ಹುಡುಕಿ ಹಾಕಿಕೊಂಡು ಕೆಳಗಿಳಿಯುವಷ್ಟರಲ್ಲಿ ಬಸ್ಸು ಹೊರಟಿತ್ತು.

ಅಲ್ಲಿಂದ ನೇರವಾಗಿ ಹನ್ನೆಲೆಯ ಕೋಣೆಗೆ ಹೋದಳು. ಬೂಟಿನ ಹಿಮ ಕಾರ್ಪೆಟ್ಟಿನ ಮೇಲೆ ಕರಗತೊಡಗಿತು. ನಡೆದದ್ದನ್ನೆಲ್ಲ ನಿಂತೇ ಹೇಳಿದಳು. ಹನ್ನೆಲೆ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡಳು.

"ನಾನು ಹಾಗೆ ಮಾಡು ಅಂತ ಹೇಳಿರ್ಲಿಲ್ಲ."

"ಹೇಳಿರ್ಲಿಲ್ಲ. ನೀನು ಹಸಿರು ಬೇಕು ಅಂದೆ. ನಾನು ಹಸಿರು ಮಾಡಿದೆ."

"ಈಗೇನ್ ಮಾಡ್ಬೇಕು ಅಂತೀಯ?"

"ಅವನಿಗೆ ಇನ್ನೊಂದು ಸಲ ಪರೀಕ್ಷೆ ಕೊಡ್ಬೇಕು. ತಪ್ಪು ಅವನದ್ದಲ್ಲ, ಕಾಲೇಜಿಂದು ಅಂತ ಬರೆದು ಕೊಡ್ಬೇಕು. ಹೇಳಿಕೆ ಸುಳ್ಳು ಅಂತಾನೂ."

"ಹಾಗೆ ಬರೆದ್ರೆ ತನಿಖೆಗೆ ಬರ್ತಾರೆ. ಸಹಿ ನಿಂದು ಸಿರ್ಪಾ. ನಿನ್ನ ನಿವೃತ್ತಿಗೆ ಎಷ್ಟು, ಆರು ವರ್ಷ ಇದೆಯಾ?" ಹನ್ನೆಲೆಯ ದನಿಯಲ್ಲಿ ಬೆದರಿಕೆ ಇರಲಿಲ್ಲ. ನಿಜವಾಗಿಯೂ ಅವಳ ಬಗ್ಗೆಯೇ ಯೋಚಿಸುತ್ತಿದ್ದಂತಿತ್ತು. ಅದಕ್ಕೇ ಕೇಳಲು ಇನ್ನೂ ಕಷ್ಟವಾಯಿತು.

"ಏಳು," ಎಂದಳು ಸಿರ್ಪಾ. "ಕಾಗದ ಕೊಡು. ನಾನೇ ಬರೀತೀನಿ."

ತನಿಖೆ ಜನವರಿಯಲ್ಲಿ ಮುಗಿಯಿತು. ಸಿರ್ಪಾಳಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಪಾಠಗಳ ಕೆಲಸ ಅವಳ ಕೈತಪ್ಪಿತು. ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳನ್ನು ವಿಂಗಡಿಸಲು ಹಾಕಿದರು. ಜಾಲತಾಣದ ಹೇಳಿಕೆಯಲ್ಲಿ 'ಎಲ್ಲ ಪಾಠಗಳೂ' ಎಂಬುದು 'ಹೆಚ್ಚಿನ ಪಾಠಗಳು' ಎಂದಾಯಿತು. ತೈಸ್ತೊಗೆ ಮಾರ್ಚಿನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕೂರಲು ಅನುಮತಿಯೂ ಬಂತು. ವಿಮೆಯವರೂ ಒಪ್ಪಿದ್ದರು. ಪತ್ರ ಅವನ ವಿಳಾಸಕ್ಕೆ ಹೋಯಿತು. ಉತ್ತರ ಬರಲಿಲ್ಲ. ಸಿರ್ಪಾ ಫೋನ್ ಮಾಡಿದರೆ ಎತ್ತಲಿಲ್ಲ.

ಉಳಿದ ಎಂಬತ್ಮೂರು ಚಿತ್ರಗಳನ್ನು ಅವಳು ಮನೆಯಲ್ಲಿ ಒಬ್ಬಳೇ ಕೂತು ಬರೆದು ಮುಗಿಸಿದಳು. ಕಾಲುಚೀಲ ಕಳಚಿ, ಕಣ್ಣು ಮುಚ್ಚಿ, ತನ್ನ ಪಾದವನ್ನೇ ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೂ ಒತ್ತಿ ಹುಡುಕಿದಳು. ಸಿಗದಿದ್ದಾಗ ತೈಸ್ತೊ ಇದ್ದಿದ್ದರೆ ಏನು ಕೇಳುತ್ತಿದ್ದನೆಂದು ಯೋಚಿಸಿದಳು. ಎಲ್ಲಿಂದ ಹೊರಟ, ಎಲ್ಲಿ ಸೇರಿದ.

ಫೆಬ್ರವರಿಯ ಕೊನೆಯಲ್ಲಿ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು, ಬಸ್ಸು ಹತ್ತಿ ಪೊಸಿಯೋಗೆ ಹೋದಳು. ಬಸ್ಸು ಬಿಟ್ಟಲ್ಲಿಂದ ಸರೋವರದ ದಂಡೆಗುಂಟ ಎರಡು ಕಿಲೋಮೀಟರ್ ನಡಿಗೆ. ಬಾಗಿಲು ತೆಗೆದವಳು ಅಕ್ಕ ಐಲಾ. ತಮ್ಮನಷ್ಟೇ ಅಗಲ ಭುಜದ ಹೆಂಗಸು, ಕೈಯಲ್ಲಿ ಹಿಟ್ಟು.

"ನೀನು ಗ್ರಂಥಾಲಯದೋಳು," ಎಂದಳು. ಕೇಳಿದ್ದಲ್ಲ, ಹೇಳಿದ್ದು. ಒಳಗೆ ಕರೆದು ಕಾಫಿ ಕೊಟ್ಟಳು, ರೈ ಧಾನ್ಯದ ರೊಟ್ಟಿ ಕೊಟ್ಟಳು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಮಡಚಿಟ್ಟ ಹೊದಿಕೆ ಇತ್ತು. ಕಾಲೇಜಿನ ಪತ್ರ ಗೋಡೆಯ ಹಲಗೆಯ ಮೇಲೆ, ಒಡೆದ ಲಕೋಟೆಯಲ್ಲೇ ಇತ್ತು.

"ಓದಿ ಹೇಳಿದ್ರಾ ಅವನಿಗೆ?"

"ಎರಡ್ ಸಲ ಓದ್ದೆ. ಮೂರನೇ ಸಲ ಓದ್ಬೇಡ ಅಂದ. ಪಿಂಚಣಿ ಕಾಗದಕ್ಕೆ ಜನವರಿಲೇ ಸಹಿ ಹಾಕ್ಬಿಟ್ಟಿದಾನೆ. ನಾನೇ ಬೆರಳಿಟ್ಟು ಜಾಗ ತೋರಿಸ್ದೆ." ಐಲಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಅವನು ಬರಲ್ಲ ಕಣಮ್ಮ. ಕಣ್ಣು ಹೋದಾಗ ಒಂದ್ ಸಲ ಎದ್ದ. ಮನುಷ್ಯ ಎಷ್ಟ್ ಸಲ ಅಂತ ಏಳ್ತಾನೆ."

ಸಿರ್ಪಾ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು. ಅದೇನೆಂದು ಹೇಳಿದಳು. ಐಲಾ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಲಕೋಟೆಯ ಪಕ್ಕದಲ್ಲಿ, ಬೆಂಕಿಪೊಟ್ಟಣದ ಮೇಲೆ ಇಟ್ಟಳು.

"ಎಲ್ಲಿದಾನೆ?"

"ಸರೋವರದ ಮೇಲೆ. ಮಂಜುಗಡ್ಡೆ ಕೊರೆದು ಮೀನಿಗೆ ಕೂತಿದಾನೆ. ದಿನಾ ಹೋಗ್ತಾನೆ, ಕತ್ತಲಾದ್ರೂ ಅವನಿಗೇನು."

ಸಿರ್ಪಾ ಕೋಟು ಹಾಕಿಕೊಂಡು ದಂಡೆಗೆ ಇಳಿದಳು. ಹೆಪ್ಪುಗಟ್ಟಿದ ಸರೋವರದ ಮೇಲೆ ಮಂಜು ಕವಿದು ಆಚೆ ದಡವಿರಲಿ, ಐವತ್ತು ಹೆಜ್ಜೆ ಮುಂದಿನದೂ ಕಾಣುತ್ತಿರಲಿಲ್ಲ. ದಂಡೆಯ ಬರ್ಚ್ ಮರಕ್ಕೆ ನೀಲಿ ನೈಲಾನ್ ಹಗ್ಗವೊಂದನ್ನು, ಅವನು ಹಿಡಿದು ಹೋಗಿ ಬರಲೆಂದು, ಸೊಂಟದ ಎತ್ತರಕ್ಕೆ ಕಟ್ಟಿದ್ದರು. ಹಿಮದಲ್ಲಿ ನೆಟ್ಟ ಗಳುಗಳ ಮೇಲೆ ಹಾಯ್ದು ಅದು ನೇರವಾಗಿ ಹೋಗಿ ಬಿಳುಪಿನಲ್ಲಿ ಕರಗಿಹೋಗಿತ್ತು. ಒಂದೇ ಜೋಡಿ ಬೂಟಿನ ಗುರುತು, ಹಗ್ಗದ ಪಕ್ಕದಲ್ಲೇ.

ಅವಳು ಕೈಗವಸು ಕಳಚಿ ಹಗ್ಗ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಹಗ್ಗ ಒಮ್ಮೆ ಜಗ್ಗಿತು, ತಡೆದು ಇನ್ನೊಮ್ಮೆ. ಊಟಕ್ಕೆ ಕರೆಯಲು ಅಕ್ಕ ಬಂದಳೆಂದುಕೊಂಡು ತೈಸ್ತೊ ಕೇಳುತ್ತಿರಬೇಕು. ಸಿರ್ಪಾ ಹಿಡಿದೇ ನಿಂತಿದ್ದಳು. ಹಗ್ಗದ ಮೇಲಿನ ಹಿಮದ ಪುಡಿ ಅವಳ ಬೆರಳುಗಳ ಮೇಲೆ ಉದುರಿ, ಕರಗಿ, ಮಣಿಕಟ್ಟಿನ ಒಳಗೆ ಇಳಿಯುತ್ತಿತ್ತು.